ಸ್ಯಾಟ್‌ಕಾಮ್ ಅಂದರೆ ಏನು? ವಿಪತ್ತಿನ ಹೊತ್ತಿಗೆ ಅದೇ ಯಾಕೆ?

ಸ್ಯಾಟ್‌ಕಾಮ್ ಅನ್ನುವುದು ಸ್ಯಾಟಲೈಟ್ ಕಮ್ಯುನಿಕೇಶನ್‌ನ ಗಿಡ್ಡ ರೂಪ. ಕನ್ನಡದಲ್ಲಿ ಉಪಗ್ರಹ ಸಂಪರ್ಕ ಅನ್ನಬಹುದು. ಡಿಶ್ ಟಿವಿಯೂ ಉಪಗ್ರಹದಿಂದಲೇ ಬರುತ್ತದೆ, ಆದರೆ ಅಲ್ಲಿ ನಾವು ಸುಮ್ನೆ ನೋಡುವವರು, ತಿರುಗಿ ಮಾತಾಡುವಂತಿಲ್ಲ. ಇಲ್ಲಿ ಹೇಳುತ್ತಿರುವುದು ಎರಡೂ ಕಡೆಯಿಂದ ಮಾತು, ಮೆಸೇಜು, ಡೇಟಾ ಹೋಗಿ ಬರುವ ವ್ಯವಸ್ಥೆ.

ಭೂಕಂಪ, ಚಂಡಮಾರುತ ಅಂದ ಕೂಡಲೇ ಈ ಪದ ಯಾಕೆ ಬರುತ್ತದೆ? ಅದಕ್ಕೆ ಮೊದಲು ಮೊಬೈಲ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು. ಮೊಬೈಲ್‌ಗೆ ತಂತಿಯೇ ಇಲ್ಲ ಅಂದುಕೊಂಡಿರುತ್ತೇವೆ. ತಂತಿ ಇಲ್ಲದಿರುವುದು ಕೈಯಲ್ಲಿರುವ ಫೋನಿಂದ ಟವರ್‌ವರೆಗೆ ಮಾತ್ರ. ಅಲ್ಲಿಂದಾಚೆ ಟವರಿಗೆ ಕರೆಂಟ್ ಬೇಕು, ಕರೆಂಟ್ ಹೋದರೆ ಜನರೇಟರ್ ಬೇಕು, ಅದಕ್ಕೆ ಡೀಸೆಲ್ ಬೇಕು, ಡೀಸೆಲ್ ತರಲು ರಸ್ತೆ ಬೇಕು, ಮತ್ತೆ ಟವರಿಂದ ಮುಂದಕ್ಕೆ ಮಾತು ಹೊತ್ತೊಯ್ಯಲು ಹೆಚ್ಚಿನ ಕಡೆ ನೆಲದಡಿಯ ಫೈಬರ್ ಕೇಬಲ್ ಬೇಕು. ಒಂದು ಕೊಂಡಿ ಕಳಚಿದರೂ ಮುಗಿಯಿತು. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊಗೆ ಬಡಿದಾಗ ಅಲ್ಲಿನ ನೂರಕ್ಕೆ ಸುಮಾರು 95ರಷ್ಟು ಮೊಬೈಲ್ ಟವರ್‌ಗಳು ಸ್ತಬ್ಧವಾಗಿದ್ದವು. 2022ರ ಜನವರಿ 15ರಂದು ಟೋಂಗಾದ ಬಳಿ ಸಮುದ್ರದಡಿಯ ಜ್ವಾಲಾಮುಖಿ ಸಿಡಿದು, ಆ ದೇಶವನ್ನು ಹೊರಜಗತ್ತಿಗೆ ಜೋಡಿಸಿದ್ದ ಕೇಬಲ್ ತುಂಡಾಯಿತು. ರಿಪೇರಿಗೆ ಐದು ವಾರ ಹಿಡಿಯಿತು. ಅಲ್ಲಿಯವರೆಗೆ ಹೊರಗಿನವರ ಜೊತೆ ಮಾತಿಗೆ ಉಪಗ್ರಹವೇ ಗತಿ.

ಸ್ಯಾಟ್‌ಕಾಮ್‌ನ ಗುಟ್ಟು ಇಷ್ಟೇ: ಅನಾಹುತ ಆದ ಊರಿನ ನೆಲವನ್ನು ಅದು ನೆಚ್ಚಿಕೊಂಡಿಲ್ಲ. ಮಾತು ಸೀದಾ ಮೇಲೆ ಹೋಗಿ, ಇನ್ನೆಲ್ಲೋ ಸುರಕ್ಷಿತವಾಗಿರುವ ಭೂ ಕೇಂದ್ರದಲ್ಲಿ, ಅಂದರೆ ಉಪಗ್ರಹದ ಸಂಕೇತ ಹಿಡಿಯುವ ನೆಲದ ಮೇಲಿನ ಕೇಂದ್ರದಲ್ಲಿ, ಇಳಿಯುತ್ತದೆ.

ಉಪಗ್ರಹಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವುದು. ಕೆಳಗಿನಿಂದ ನೋಡಿದರೆ ನಿಂತಲ್ಲೇ ನಿಂತಂತೆ. ಡಿಶ್ಶನ್ನು ಒಂದು ಸಲ ಸರಿಯಾಗಿ ತಿರುಗಿಸಿ ಬಿಗಿ ಮಾಡಿದರೆ ಆಯಿತು, ಆದರೆ ದೂರ ಜಾಸ್ತಿ. ನೀವು ಮಾತಾಡಿ ಉತ್ತರ ಕೇಳಿಸುವಷ್ಟರಲ್ಲಿ ಅರ್ಧ ಸೆಕೆಂಡು ಹೋಗಿರುತ್ತದೆ. ಇನ್ನೊಂದು, ಕೆಳಗೆ ಓಡಾಡುವ ಹಿಂಡು. ಇರಿಡಿಯಂ ಅನ್ನುವ ಕಂಪನಿಯ 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, ಸ್ಟಾರ್‌ಲಿಂಕ್‌ನವು ಇನ್ನೂ ಕೆಳಗೆ. ತಡ ಕಡಿಮೆ, ಆದರೆ ಒಂದೊಂದು ಉಪಗ್ರಹವೂ ಕೆಲವೇ ನಿಮಿಷದಲ್ಲಿ ತಲೆಯ ಮೇಲಿಂದ ದಾಟಿಹೋಗುತ್ತದೆ, ಅದು ಮರೆಯಾಗುವ ಮುಂಚೆ ಕರೆಯನ್ನು ಹಿಂದೆಯೇ ಬರುತ್ತಿರುವ ಇನ್ನೊಂದು ಉಪಗ್ರಹಕ್ಕೆ ಒಪ್ಪಿಸಬೇಕು.

ಸ್ಯಾಟ್‌ಫೋನ್ ಅಂದರೆ ಉಪಗ್ರಹವನ್ನೇ ನೇರವಾಗಿ ಹಿಡಿಯುವ ಕೈಫೋನು, ಒಬ್ಬಿಬ್ಬರ ಮಾತಿಗೆ ಸಾಕು. ಇಡೀ ಪರಿಹಾರ ಶಿಬಿರಕ್ಕೆ ವಿಸ್ಯಾಟ್ ಅನ್ನುವ ಡಿಶ್ ಬೇಕು. ಅದಕ್ಕೊಂದು ವೈಫೈ ಪೆಟ್ಟಿಗೆ ಜೋಡಿಸಿದರೆ ವೈದ್ಯರು, ಅಕ್ಕಿಯ ಲೆಕ್ಕ ಇಡುವವರು, ಮನೆಯವರನ್ನು ಹುಡುಕುತ್ತಿರುವವರು ಎಲ್ಲರೂ ತಮ್ಮ ತಮ್ಮ ಫೋನಲ್ಲೇ ಮಾತಾಡಬಹುದು. ಒಂದು ತೊಂದರೆ ಇದೆ. ದೊಡ್ಡ ಡೇಟಾ ಹೊರುವ ಕೆಯು, ಕೆಎ ಅನ್ನುವ ರೇಡಿಯೋ ತರಂಗದ ಬ್ಯಾಂಡ್‌ಗಳು ಜೋರು ಮಳೆಗೆ ಮಂಕಾಗುತ್ತವೆ. ಚಂಡಮಾರುತದ ದಿನವೇ ಬೇಕಾಗಿದ್ದು ಅಲ್ವಾ! ಎಲ್ ಬ್ಯಾಂಡ್ ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ, ಆದರೆ ಅದರಲ್ಲಿ ಡೇಟಾ ಹನಿ ಹನಿಯಾಗಿ ಹೋಗುತ್ತದೆ. ಅದಕ್ಕೇ ಅನುಭವ ಇದ್ದವರು ಎರಡನ್ನೂ ಇಟ್ಟುಕೊಳ್ಳುತ್ತಾರೆ.

ಮಾತೇ ಬೇಡದ ಸ್ಯಾಟ್‌ಕಾಮ್ ಕೂಡ ಇದೆ. ಹಡಗು, ವಿಮಾನಗಳಲ್ಲಿರುವ 406 ಮೆಗಾಹರ್ಟ್ಸ್ ಬೀಕನ್ ಅನ್ನುವ ಅಪಾಯ ಸೂಚಕ ಪೆಟ್ಟಿಗೆ “ನಾನು ಇಲ್ಲಿದ್ದೇನೆ, ಕಷ್ಟದಲ್ಲಿದ್ದೇನೆ” ಅಂತಷ್ಟೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಾಸ್ಪಾಸ್-ಸಾರ್ಸ್ಯಾಟ್ ವ್ಯವಸ್ಥೆ 1982ರಿಂದ ಜೀವ ಉಳಿಸುತ್ತಿದೆ. ಈಗ ಕೆಲವು ಮಾಮೂಲಿ ಮೊಬೈಲ್‌ಗಳಿಗೂ ಉಪಗ್ರಹದ ಎಸ್‌ಒಎಸ್ ಬಂದಿದೆ, ಐಫೋನ್ 14ಕ್ಕೆ 2022ರಲ್ಲಿ ಬಂತು.

ನನ್ನ ತಕರಾರು ಏನೆಂದರೆ, ಸ್ಯಾಟ್‌ಫೋನ್ ಕೊಂಡು ಬೀರುವಿನಲ್ಲಿಟ್ಟರೆ ಸಿದ್ಧತೆ ಆಯಿತು ಅಂತ ಎಷ್ಟೋ ಕಡೆ ನಂಬಿಬಿಡುತ್ತಾರೆ. ಬೇಕಾದ ದಿನ ತೆಗೆದರೆ ಬ್ಯಾಟರಿ ಸತ್ತಿರುತ್ತದೆ, ಪ್ರೀಪೇಯ್ಡ್ ಸಿಮ್‌ನ ಅವಧಿ ಮುಗಿದಿರುತ್ತದೆ. ಚಾರ್ಜ್ ಇದ್ದರೂ ಕೋಣೆಯೊಳಗೆ ನಿಂತು ಹಲೋ ಹಲೋ ಅನ್ನುತ್ತಾರೆ. ಅದಕ್ಕೆ ಆಕಾಶ ಕಾಣಬೇಕು. ಬಯಲಿಗೆ ಬಂದು, ದಪ್ಪ ಆಂಟೆನಾವನ್ನು ಪೂರ್ತಿ ಎಳೆದು, ನೆಟ್ಟಗೆ ಹಿಡಿದು, ಪರದೆಯಲ್ಲಿ ನೆಟ್‌ವರ್ಕ್ ಹೆಸರು ಮೂಡುವವರೆಗೆ ಕಾಯಬೇಕು. ಪಕ್ಕದ ಮನೆಗೆ ಮಾಡುವುದಾದರೂ ದೇಶದ ಕೋಡ್ ಹಾಕಿಯೇ ಒತ್ತಬೇಕು. ಇದನ್ನೆಲ್ಲ ತಿಂಗಳಿಗೊಮ್ಮೆ ಮಾಡಿ ನೋಡಿದವರಿಗೆ ಎರಡು ನಿಮಿಷದ ಕೆಲಸ, ಉಳಿದವರು ಕತ್ತಲಲ್ಲಿ ಟಾರ್ಚ್ ಹಿಡಿದು ಕೈಪಿಡಿ ಓದುತ್ತಾರೆ.

ಪರವಾನಗಿಯದು ಬೇರೆ ಕಥೆ. ಹಲವು ದೇಶಗಳಲ್ಲಿ ಅನುಮತಿ ಇಲ್ಲದೆ ಸ್ಯಾಟ್‌ಫೋನ್ ಇಟ್ಟುಕೊಳ್ಳುವುದೇ ಅಪರಾಧ. ನೆರವಿಗೆ ಬಂದವರ ಉಪಕರಣ ಕಸ್ಟಮ್ಸ್‌ನಲ್ಲಿ ಕೊಳೆಯಬಾರದು ಅಂತಲೇ 1998ರಲ್ಲಿ ಟಾಂಪೆರೆ ಒಪ್ಪಂದ ಆಯಿತು, 2005ರಲ್ಲಿ ಜಾರಿಗೆ ಬಂತು. ಅದಕ್ಕೆ ಸೇರದ ದೇಶಗಳಿಗೆ ಅದು ಅನ್ವಯಿಸುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಸ್ಯಾಟ್‌ಫೋನ್ ಕೈಯಲ್ಲಿದೆ ಸರಿ, ಕರೆ ಯಾರಿಗೆ? ಆಚೆಯವರ ಮೊಬೈಲ್ ಕೂಡ ಬಿದ್ದುಹೋದ ಅದೇ ಟವರನ್ನೇ ನಂಬಿಕೊಂಡಿದ್ದರೆ, ಆಕಾಶ ಸುತ್ತಿ ಬಂದ ನಿಮ್ಮ ಮಾತು ಆ ಸತ್ತ ಟವರ್ ಹತ್ತಿರವೇ ನಿಂತುಬಿಡುತ್ತದೆ. ಹಾಗಾಗಿ ದೂರದ ಊರಿನ ಒಂದು ಲ್ಯಾಂಡ್‌ಲೈನ್, ಇನ್ನೊಂದು ಸ್ಯಾಟ್‌ಫೋನ್, ಎರಡರ ನಂಬರನ್ನೂ ಕಾಗದದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ.