ಜನಗಣತಿ: ಲೆಕ್ಕದಿಂದ ಬಿಟ್ಟುಹೋಗುವವರು ಯಾರು, ಅವರನ್ನು ಸೇರಿಸುವುದು ಹೇಗೆ?

ಜನಗಣತಿಯನ್ನು ಸುಧಾರಿಸುವುದು ಹೇಗೆ ಅನ್ನೋ ಪ್ರಶ್ನೆ ಬಂದರೆ ಜಾಸ್ತಿ ಜನ ಮೊಬೈಲ್ ಆ್ಯಪ್ ಅಂತ ಬರೆದು ಮುಗಿಸುತ್ತಾರೆ. 2027ರ ಗಣತಿ ಡಿಜಿಟಲ್, ಜಾತಿಯನ್ನೂ ಕೇಳುತ್ತಾರೆ, ಮನೆಯವರೇ ವಿವರ ತುಂಬಬಹುದು. ಸರಿ. ಆ್ಯಪ್‌ನಿಂದ ಲೆಕ್ಕ ಬೇಗ ಕೈಗೆ ಸಿಗುತ್ತದೆ, ಆದರೆ ಗಣತಿದಾರರು ಹೋಗದ ಮನೆ ಆ್ಯಪ್‌ನಲ್ಲೂ ಇರುವುದಿಲ್ಲ ಅಲ್ವಾ?

ಅದಕ್ಕೇ ಈ ಅಂಕಿ ನೆನಪಿಡಿ: 1000ಕ್ಕೆ 23. ಗಣತಿ ಮುಗಿದ ಮೇಲೆ ಕೆಲವು ಬ್ಲಾಕ್‌ಗಳನ್ನು (ಒಬ್ಬ ಗಣತಿದಾರರಿಗೆ ಒಪ್ಪಿಸಿದ ಪ್ರದೇಶ) ಆರಿಸಿ, ಮತ್ತೆ ಎಣಿಸಿ, ಎರಡೂ ಪಟ್ಟಿಗಳನ್ನು ತಾಳೆ ನೋಡುತ್ತಾರೆ. ಬಿಟ್ಟುಹೋದವರ ಲೆಕ್ಕದಿಂದ ಎರಡು ಸಲ ಸೇರಿದವರನ್ನು ಕಳೆದರೆ 2011ರಲ್ಲಿ ಉಳಿದದ್ದು ಇಷ್ಟು. 121 ಕೋಟಿ ಜನರ ದೇಶದಲ್ಲಿ ಅಂದರೆ ಎರಡೂವರೆ ಕೋಟಿಗೂ ಮೇಲೆ. ಹಳ್ಳಿಗಿಂತ ಪೇಟೆಯಲ್ಲೇ ಜಾಸ್ತಿ. 2013ರ ಆಹಾರ ಭದ್ರತಾ ಕಾಯ್ದೆಯ 81.35 ಕೋಟಿ ಫಲಾನುಭವಿಗಳ ಮಿತಿ ಬಂದದ್ದು ಇದೇ 2011ರ ಲೆಕ್ಕದಿಂದ, ಹಾಗಾಗಿ ಈ ತಪ್ಪು ಕೊನೆಗೆ ಮುಟ್ಟುವುದು ರೇಷನ್ ಅಂಗಡಿಯನ್ನು.

ಬಿಟ್ಟುಹೋಗುವವರು ಯಾರು? ಎಳೆ ಕೂಸುಗಳು, ಕಟ್ಟಡದ ಕೆಲಸಕ್ಕೆ ಬಂದು ಅಲ್ಲೇ ಶೆಡ್ ಹಾಕಿಕೊಂಡವರು, ಮಹಡಿ ಮೇಲಿನ ಒಂಟಿ ರೂಮಿನಲ್ಲಿದ್ದು ರಾತ್ರಿ ಮಾತ್ರ ಮನೆಗೆ ಬರುವವರು. ಬೆಂಗಳೂರಿನಲ್ಲಿ ಇಂಥವರು ಎಷ್ಟು ಜನ ಅಂತ ಯೋಚಿಸಿ. ಮನೆ ಇಲ್ಲದವರನ್ನು 2011ರಲ್ಲಿ ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ! ಅದನ್ನು ಎರಡು ಮೂರು ರಾತ್ರಿ ಮಾಡಬೇಕು. ಶೆಡ್‌ಗಳ ಪಟ್ಟಿಯನ್ನು ಮೇಸ್ತ್ರಿಗಳಿಂದ ಮೊದಲೇ ತೆಗೆದುಕೊಳ್ಳಬೇಕು. ಎರಡು ಬ್ಲಾಕ್ ಸೇರುವ ಗಡಿಯಲ್ಲಿ ಇಬ್ಬರು ಗಣತಿದಾರರೂ ಒಟ್ಟಿಗೆ ನಡೆದು ಯಾವ ಮನೆ ಯಾರದ್ದು ಅಂತ ಸ್ಥಳದಲ್ಲೇ ಗೊತ್ತು ಮಾಡಿಕೊಳ್ಳಬೇಕು, ಯಾಕಂದರೆ ಗಡಿಯ ಮನೆ ಒಂದೋ ಎರಡೂ ಕಡೆ ಸೇರುತ್ತದೆ, ಇಲ್ಲವೇ ಎರಡೂ ಕಡೆ ಬಿಟ್ಟುಹೋಗುತ್ತದೆ.

ಇನ್ನು ವಯಸ್ಸು. ಬಾಗಿಲಲ್ಲಿ ನಿಂತ ಅಜ್ಜಿಯನ್ನು ಕೇಳಿದರೆ "ಅರವತ್ತು ಆಗಿರಬೇಕಪ್ಪ" ಅನ್ನುತ್ತಾರೆ, ಗಣತಿದಾರರು 60 ಅಂತ ಬರೆಯುತ್ತಾರೆ. ಹೀಗಾಗಿ ಪಟ್ಟಿಯಲ್ಲಿ 0 ಮತ್ತು 5ರಿಂದ ಮುಗಿಯುವ ವಯಸ್ಸಿನವರು ವಿಪರೀತ, 59, 61ರವರು ಕಡಿಮೆ. ನಿಮ್ಮ ಮದುವೆ ಆದಾಗ ಊರಲ್ಲಿ ಏನಾಗಿತ್ತು, ಕೆರೆ ಒಡೆದ ವರ್ಷ ದೊಡ್ಡ ಮಗ ಹುಟ್ಟಿದ್ದನಾ ಅಂತ ಕೇಳಿದರೆ ನಿಜಕ್ಕೆ ಹತ್ತಿರದ ವಯಸ್ಸು ಸಿಗುತ್ತದೆ. ಆದರೆ ಇದಕ್ಕೆ ಸಮಯ ಬೇಕು. ಶಾಲೆಯ ಪಾಠ ಮುಗಿಸಿ ಸಂಜೆ ಗಣತಿಗೆ ಹೊರಡುವ ಟೀಚರ್‌ಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಆ ದಿನಗಳಲ್ಲಿ ಅವರಿಗೆ ಪಾಠದಿಂದ ಬಿಡುವು ಕೊಡಲೇಬೇಕು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಸುಧಾರಣೆ ಇದೇ.

ಕೊನೆಗೆ ಹೆದರಿಕೆ. ಹೆಸರು ಕೊಟ್ಟರೆ ಏನಾಗುತ್ತದೋ ಅಂತ ಜನ ಒಬ್ಬಿಬ್ಬರನ್ನು ಮುಚ್ಚಿಡುತ್ತಾರೆ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿಯ ದಾಖಲೆ ಗೋಪ್ಯ, ಕೋರ್ಟಿನಲ್ಲಿ ಅದನ್ನು ಸಾಕ್ಷಿಯಾಗಿ ಬಳಸುವ ಹಾಗಿಲ್ಲ. ಮೊದಲ ಪ್ರಶ್ನೆ ಕೇಳುವ ಮುಂಚೆ ಗಣತಿದಾರರು ಇದನ್ನು ಸರಳ ಮಾತಿನಲ್ಲಿ ಹೇಳಬೇಕು ಅನ್ನೋ ನಿಯಮ ತರಬೇಕು.