ಬಿಸಿಲೂರಿನ ಬಂಗು

“ಅಕ್ಕಾರ, ಮಾರಿ ಮ್ಯಾಲ ಬಂಗು ಎದ್ದಾವಲ್ರಿ, ಬಸರಿದ್ದಾಗ ಬಂದಾವೇನು?”

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನನ್ನ ನಾದಿನಿಗೆ ಬಳೆ ತೊಡಿಸುತ್ತ ಬಳೆಗಾರ್ತಿ ಕೇಳಿದ ಮಾತಿದು. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ!

ಬಂಗಿಗೆ ಡಾಕ್ಟರುಗಳು ಮೆಲಾಸ್ಮಾ ಅನ್ನುತ್ತಾರೆ. ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಕಲೆ ಹರಡುತ್ತದೆ. ನೋವಿಲ್ಲ, ತುರಿಕೆಯಿಲ್ಲ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಬಸಿರಿನಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಏರಿದಾಗ ಮೆಲನಿನ್ ತಯಾರಿಸುವ ಕೋಶಗಳು ಬೆಳಕಿಗೆ ಬೇಗ ಕೆರಳುತ್ತವೆ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲೂ ಹೀಗಾಗಬಹುದು. ತಾಯಿಗೋ ಅಕ್ಕನಿಗೋ ಇದ್ದರೆ ಸಾಧ್ಯತೆ ಜಾಸ್ತಿ. ಗಂಡಸರಿಗೂ ಬರುತ್ತದೆ, ಆದರೆ ಕಡಿಮೆ. ಕೆಲವರಿಗೆ ಹೆರಿಗೆಯಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ.

ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ, ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ತೊಗರಿ ರಾಶಿಯ ಹೊತ್ತಿಗೆ, ಅಂದರೆ ಡಿಸೆಂಬರ್, ಜನವರಿಯಲ್ಲಿ, ಅದೇ ಬಿಸಿಲು ಹಿತ ಅನ್ನಿಸುತ್ತದೆ. ಮೋಸ ಆಗುವುದು ಅಲ್ಲೇ. ಅತಿನೇರಳೆ ಕಿರಣ ಮೈಗೆ ಬಿಸಿ ತಾಗದೆಯೂ ಕೆಲಸ ಮಾಡುತ್ತದೆ. ಅದರಲ್ಲಿ ಒಂದು ಬಗೆ ಕಿಟಕಿ ಗಾಜನ್ನೂ ದಾಟುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢವಾಗಿಸುತ್ತದೆ. ಅದನ್ನು ಸಾದಾ ಸನ್‌ಸ್ಕ್ರೀನ್ ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬೇಕು. ಬೀದರ್ ಕೋಟೆಯ ಕೆಂಪು ಕಲ್ಲಿಗೆ ಬಣ್ಣ ಕೊಟ್ಟದ್ದೂ ಇಂಥದೇ ಕಬ್ಬಿಣದ ಆಕ್ಸೈಡು! ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30 ಅಥವಾ ಹೆಚ್ಚಿರಲಿ. ಎರಡು ಬೆರಳುದ್ದ ಹಿಂಡಿ ಮುಖಕ್ಕೂ ಕುತ್ತಿಗೆಗೂ ಹಚ್ಚಬೇಕು. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ.

ನಾದಿನಿ ಇದೇನನ್ನೂ ಮಾಡಲಿಲ್ಲ. ಪಕ್ಕದ ಮನೆಯಾಕೆ ಹೇಳಿದ ಟ್ಯೂಬೊಂದನ್ನು ಮೆಡಿಕಲ್‌ನಿಂದ ತಂದಳು. ಅದರಲ್ಲಿ ಮೂರು ಔಷಧಿ. ಹೈಡ್ರೋಕ್ವಿನೋನ್ ಮೆಲನಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಟ್ರೆಟಿನಾಯಿನ್ ಹಳೆಯ ಕೋಶಗಳನ್ನು ಬೇಗ ಉದುರಿಸುತ್ತದೆ. ಸ್ಟಿರಾಯ್ಡ್ ಉರಿ ತಣಿಸುತ್ತದೆ. ಚರ್ಮವೈದ್ಯರ ಕಣ್ಣೆದುರಲ್ಲಿ ಕೆಲವು ವಾರ ಹಚ್ಚಿದರೆ ಒಳ್ಳೆಯ ಮದ್ದೇ. ಇವಳು ಎರಡು ವರ್ಷ ಹಚ್ಚಿದಳು! ಮೊದಲ ತಿಂಗಳು ಮುಖ ಬೆಳ್ಳಗಾಯಿತು, ಆಮೇಲೆ ಚರ್ಮ ತೆಳುವಾಗಿ ಕೆಂಪಾಯಿತು, ನವಿರು ಕೂದಲು ಬಂತು. ಬಿಟ್ಟರೆ ಉರಿ, ಹಚ್ಚಿದರೆ ಸುಮ್ಮನೆ. ಮೊಮೆಟಾಸೋನ್‌ನಂಥ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮವಾಗಿದೆ. ಚೀಟಿ ಕೇಳುವವರು ಯಾರು?

ಬಸುರಿಯರಿಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎರಡೂ ಬೇಡ. ಅಜೆಲಾಯಿಕ್ ಆ್ಯಸಿಡ್ ಮುಲಾಮು ಅವರಿಗೆ ನಡೆಯುತ್ತದೆ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಬಂಗನ್ನೂ ಇಳಿಸುತ್ತದೆ. ಆದರೆ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ, ಅದರಲ್ಲೂ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ, ಕೇಳದೆ ತಗೋಬಾರದು. ಲೇಸರ್ ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ಕಲೆಯನ್ನು ಇನ್ನಷ್ಟು ಕಪ್ಪಾಗಿಸಬಹುದು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಹೊಸ ಕಲೆ ಗ್ಯಾರಂಟಿ.

ಚರ್ಮವೈದ್ಯರು ನಾದಿನಿಗೆ ಟ್ಯೂಬು ಬಿಡಿಸಲು ಏಳೆಂಟು ತಿಂಗಳು ಹಿಡಿಯಿತು. ಈಗ ಕಲೆ ತಿಳಿಯಾಗಿದೆ, ಹೋಗಿಲ್ಲ. ಹೋದ ಜನವರಿ ರಾಶಿಗೆ ನಾಲ್ಕು ದಿನ ಹೊಲದಲ್ಲಿದ್ದು ಬಂದಳು, ಮತ್ತೆ ಎದ್ದಿತು. ಈ ಸಲ ಸನ್‌ಸ್ಕ್ರೀನ್ ಬುತ್ತಿ ಚೀಲಕ್ಕೇ ಹಾಕಿಕೊಂಡಿದ್ದಾಳೆ, ರೊಟ್ಟಿ ಪಕ್ಕದಲ್ಲಿ.