ಕತ್ತರಿಯೇ ಓರೆಯಾದರೆ

ಡೊಂಬಿವಲಿಯ ನಮ್ಮ ಪಕ್ಕದ ಮನೆಯ ಅಕ್ಕ ಮಾಟುಂಗಾದಿಂದ ತಂದ ಬಸಳೆ ಹೆಚ್ಚುತ್ತಾ ಕೇಳಿದರು: "ಮಗನಿಗೆ ಆರು ತುಂಬಿತು, ಇನ್ನೂ ಮಾತಿಲ್ಲ. ಜೀನ್ ಟೆಸ್ಟಿನಲ್ಲಿ ಏನೂ ಇಲ್ಲ ಅಂತಾರೆ. ಹಾಗಾದ್ರೆ ಇರೋದು ಎಲ್ಲಿ ಮಾರಾಯ್ರೆ?"

ಜೀನಿನ ಆರ್‌ಎನ್‌ಎ ಪ್ರತಿ ಇಳಿದಾಗ ಅದರಲ್ಲಿ ಬೇಕಾದದ್ದರ ನಡುನಡುವೆ ಬೇಡದ್ದೂ ಇರುತ್ತದೆ. ಬೇಡದ್ದನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುವುದೇ ಸ್ಪ್ಲೈಸಿಂಗ್. 1977ರಲ್ಲಿ ಇದನ್ನು ಕಂಡುಕೊಂಡ ಫಿಲಿಪ್ ಶಾರ್ಪ್, ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಜೀವಕೋಶ ಈ ಆರ್‌ಎನ್‌ಎ ಬರಹವನ್ನು ಮೂರು ಮೂರು ಅಕ್ಷರವಾಗಿ ಓದಿ ಪ್ರೊಟೀನ್ ಕಟ್ಟುತ್ತದೆ. 'ನಮಗೆ ಬಸಳೆ ಅಡುಗೆ ಬಡಿಸು' ಎನ್ನೋಣ. ಕತ್ತರಿ ಒಂದಕ್ಷರ ಆಚೆ ಬಿದ್ದು ಬೇಡದ 'ಕ' ಉಳಿದುಬಿಟ್ಟರೆ? 'ನಮಗೆ ಕಬಸ ಳೆಅಡು ಗೆಬಡಿ ಸು.' ಊಟದ ಮಾತು ಅಲ್ಲಿಗೆ ಮುಗಿಯಿತು!

ಇದು ಒಂದು ಜೀನಿನ ತಪ್ಪು. ಕತ್ತರಿಯೇ ಓರೆಯಾದರೆ ನೂರಾರು ಜೀನುಗಳ ಪ್ರತಿ ಕೆಡಬಹುದು. ಆ ಕತ್ತರಿಯ ಒಂದು ಭಾಗ ಯು4 ಎಂಬ ಪುಟ್ಟ ಆರ್‌ಎನ್‌ಎ. ಅದನ್ನು ಕೊಡುವ ಆರ್‌ಎನ್‌ಯು4-2 ಜೀನಿನ ಉದ್ದ 141 ಅಕ್ಷರ, ಅಷ್ಟೇ. ಅದರ ಆಯಕಟ್ಟಿನ ಜಾಗದಲ್ಲಿ ಒಂದೇ ಅಕ್ಷರ ಹೆಚ್ಚಾದರೂ ಮಗುವಿನ ಮಾತು, ನಡಿಗೆ, ಕಲಿಕೆ ಹಿಂದೆ ಬೀಳುತ್ತವೆ, ಹಲವರಿಗೆ ಫಿಟ್ಸ್ ಬರುತ್ತದೆ ಎಂದು 2024ರಲ್ಲಿ ಗೊತ್ತಾಯಿತು. ಬೆಳೆಯುತ್ತಿರುವ ಮಿದುಳಿನಲ್ಲಿ ಈ ಜೀನಿಗೆ ಕೆಲಸ ಜಾಸ್ತಿ. ಅದಲ್ಲದೆ ಒಂದೇ ಪ್ರತಿಯನ್ನು ಬಗೆಬಗೆಯಾಗಿ ಜೋಡಿಸಿ ಬಳಸುವುದರಲ್ಲಿ ನರಕೋಶಗಳದ್ದು ಎತ್ತಿದ ಕೈ. ಮೂರರಿಂದ 27 ಅಕ್ಷರದ ಚೂರುಗಳನ್ನೂ ಅವು ಬಿಡುವುದಿಲ್ಲ. ಹಾಗಾಗಿ ಈ ಕತ್ತರಿ ಕೆಟ್ಟರೆ ಹೆಚ್ಚಿನ ಪೆಟ್ಟು ಅಲ್ಲಿಗೇ ಬೀಳುತ್ತಿರಬಹುದು.

ಇಷ್ಟು ದಿನ ಸಿಗದಿದ್ದದ್ದು ಯಾಕೆ? ಎಕ್ಸೋಮ್ ಎಂಬ ಜೀನ್ ಟೆಸ್ಟ್ ಮುಖ್ಯವಾಗಿ ಪ್ರೊಟೀನ್ ಬರೆಯುವ ಭಾಗಗಳನ್ನು ಓದುತ್ತದೆ. ಈ ಜೀನ್ ಪ್ರೊಟೀನನ್ನೇ ಬರೆಯುವುದಿಲ್ಲ. 'ಏನೂ ಇಲ್ಲ' ಎಂದರೆ 'ನೋಡಿದಲ್ಲಿ ಇಲ್ಲ' ಎಂದಷ್ಟೇ. ರಿಪೋರ್ಟಿನಲ್ಲಿ ಹಾಗೇ ಬರೆದರೆ ಲ್ಯಾಬಿನವರ ಗಂಟೇನು ಹೋಗುತ್ತದೋ!

"ಗ್ರಹಣದ ದಿನ ಹೊರಗೆ ಬಂದದ್ದಕ್ಕೇ ಹೀಗಾಯ್ತು ಅಂತ ಅತ್ತೆ ಈಗಲೂ ಹೇಳ್ತಾರೆ," ಅಂದರು ಅಕ್ಕ. ಈ ದೋಷ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಇರುವುದಿಲ್ಲ, ಹೊಸದಾಗಿ ಹುಟ್ಟಿಕೊಳ್ಳುತ್ತದೆ, ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆ. ಅವರ ಮಗನಿಗೆ ಇರುವುದು ಇದೇ ಎಂದು ನಾನು ಹೇಳಲಾರೆ. ಪ್ರೊಟೀನ್ ಬರೆಯದ ಭಾಗಗಳನ್ನೂ ಓದುವ ಟೆಸ್ಟಿನ ಹೆಸರು 'ಹೋಲ್ ಜೀನೋಮ್' ಎಂದು ಕರೆಂಟ್ ಬಿಲ್ಲಿನ ಹಿಂದೆ ಬರೆದು, ಡಾಕ್ಟರಿಗೆ ತೋರಿಸಿ ಎಂದು ಕೊಟ್ಟೆ.

"ಅತ್ತೆಗೂ ಒಂದು ಬರೆದುಕೊಡಿ," ಎಂದರು.